ಮೂರು ಗಂಟೆಯ ದೆವ್ವ

ನಮ್ಮ ದೊಡ್ಡಮ್ಮ ಸತ್ತು ಬಹಳ ವರ್ಷವಾಯಿತು ಅಂತ ಊರಿಗೆಲ್ಲ ಗೊತ್ತಿತ್ತು. ಅವಳೊಬ್ಬಳಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಏಳು ಗಂಟೆಗೆ ನನ್ನ ಜೊತೆ ಲಾಂಡ್ರಿಗೆ ಬರುತ್ತಿದ್ದಳು. ಹೋಟೆಲುಗಳ ಬೆಡ್‌ಶೀಟ್ ಒಗೆಯುತ್ತಿದ್ದಳು. ಸತ್ತವಳು ಇಷ್ಟೊಂದು ದುಡಿಯಬೇಕಾ ಅಂತ ಯಾರೂ ಕೇಳಿರಲಿಲ್ಲ.

ಅವಳಿಗೆ ವಿಷಯ ಗೊತ್ತಾಗಿದ್ದು ಒಂದು ಸೋಮವಾರ. ಲಾಂಡ್ರಿಗೆ ಹೊಸದಾಗಿ ಸೇರಿದವಳೊಬ್ಬಳು ಇಸ್ತ್ರಿ ಮಾಡುತ್ತಾ ಮಾಡುತ್ತಾ ಕತೆ ಶುರು ಮಾಡಿದಳು. ಊರಾಚೆ ಪಾಳು ಬಿದ್ದ ಹುಚ್ಚಾಸ್ಪತ್ರೆ ಇದೆಯಲ್ಲ, ಅಲ್ಲೊಂದು ದೆವ್ವ ಇದೆ. ಹೆಸರು ಕತ್ತರಿ ಅಕ್ಕ. ದಾರದ ಮಿಲ್ಲಿನಲ್ಲಿ ಕೆಲಸಕ್ಕಿದ್ದವಳು. ಒಂದು ದಿನ ಇದ್ದಕ್ಕಿದ್ದಂತೆ ಹುಚ್ಚು ಹಿಡಿದು, ದಾರ ಕತ್ತರಿಸುವ ಕತ್ತರಿಯಿಂದಲೇ ಗಂಡನನ್ನೂ ಮೂರು ಮಕ್ಕಳನ್ನೂ ಕೊಂದಳು. ಆಸ್ಪತ್ರೆಗೆ ಹಾಕಿದರು. ಅಲ್ಲಿ ಎರಡನೇ ಮಹಡಿಯ ಕಿಟಕಿಗೆ ನೇಣು ಹಾಕಿಕೊಂಡಳು. ಈಗಲೂ ಬಿಳಿ ನಿಲುವಂಗಿ ಹಾಕಿಕೊಂಡು ಅದೇ ಕಿಟಕಿಯಲ್ಲಿ ನಿಲ್ಲುತ್ತಾಳೆ. ನೋಡಿದವರಿದ್ದಾರೆ. ಎಡಗೆನ್ನೆಯ ಮೇಲೆ ಇಷ್ಟಗಲ ಸುಟ್ಟ ಕಲೆ.

ಹೇಳುತ್ತಾ ಹೇಳುತ್ತಾ ಅವಳು ತಲೆ ಎತ್ತಿದಳು. ಎದುರಿಗೆ ದೊಡ್ಡಮ್ಮ ಒದ್ದೆ ಬಟ್ಟೆ ಹಿಂಡುತ್ತಾ ನಿಂತಿದ್ದಳು. ದೊಡ್ಡಮ್ಮನ ಎಡಗೆನ್ನೆ ಇವಳ ಕಡೆಗಿತ್ತು.

ಇವಳು ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತಳು. ಯಾವುದೋ ಹೋಟೆಲಿನ ದಿಂಬಿನ ಚೀಲ ಸುಟ್ಟು ಹೊಗೆ ಎದ್ದಿತು.

"ಎಷ್ಟು ಮಕ್ಕಳು ಅಂದೆ?" ದೊಡ್ಡಮ್ಮ ಕೇಳಿದಳು.

"ಮೂ... ಮೂರು."

"ಮದುವೆಯೇ ಆಗದವಳಿಗೆ ಗಂಡನ್ನ ಕೊಟ್ಟಿದ್ದಾರೆ. ಮೂರು ಮಕ್ಕಳನ್ನೂ ಕೊಟ್ಟಿದ್ದಾರೆ. ಪಾಪ, ಇವಳು ಸಾಕೋದು ಕಷ್ಟ ಅಂತ ಅವರೇ ಕೊಂದೂ ಬಿಟ್ಟಿದ್ದಾರೆ. ಎಂಥಾ ಒಳ್ಳೆ ಜನ ನೋಡು."

ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾವೆಲ್ಲ ನಕ್ಕೆವು. ಇಸ್ತ್ರಿಯವಳು ಮಾತ್ರ ನಗಲಿಲ್ಲ. ಮಧ್ಯಾಹ್ನದವರೆಗೂ ದೊಡ್ಡಮ್ಮನ ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ಅಂತ ಬಗ್ಗಿ ಬಗ್ಗಿ ನೋಡುತ್ತಿದ್ದಳು.

ನಡೆದದ್ದು ಇಷ್ಟು. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಇಬ್ಬರೂ ದಾರದ ಮಿಲ್ಲಿನಲ್ಲಿ ಅಕ್ಕಪಕ್ಕದ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದರು. ಆಗ ದೊಡ್ಡಮ್ಮನಿಗೆ ಇಪ್ಪತ್ತು, ಅಮ್ಮನಿಗೆ ಹದಿನೇಳು. ಅಲ್ಲೊಬ್ಬ ಮೇಸ್ತ್ರಿ ಇದ್ದ. ದಾರ ಸರಿಯಾಗಿ ಸುತ್ತುತ್ತಿದೆಯಾ ನೋಡುವುದು ಅವನ ಕೆಲಸ. ದಾರ ಯಂತ್ರದಲ್ಲಿದ್ದರೂ ಅವನ ಕೈ ಮಾತ್ರ ಹುಡುಗಿಯರ ಬೆನ್ನ ಮೇಲೇ ಹುಡುಕುತ್ತಿತ್ತು. ಯಾರೂ ಮಾತಾಡುವಂತಿರಲಿಲ್ಲ. ಮಾತಾಡಿದವರಿಗೆ ಮಾರನೇ ದಿನ ಗೇಟಿನ ಆಚೆಯೇ ಕೆಲಸ.

ಒಂದು ದಿನ ಊಟದ ಹೊತ್ತಿಗೆ ಅವನು ದೊಡ್ಡಮ್ಮನ ಹಿಂದೆ ಬಂದು ನಿಂತ. ಕೈ ಬೆನ್ನಿನಲ್ಲೇ ನಿಲ್ಲಲಿಲ್ಲ. ದೊಡ್ಡಮ್ಮನ ಕೈಯಲ್ಲಿ ಊಟದ ಡಬ್ಬಿ ಇತ್ತು. ತಿರುಗಿ ಬೀಸಿದಳು. ಅವನ ಮುಂದಿನ ಎರಡು ಹಲ್ಲು ಉದುರಿ ದಾರದ ಉಂಡೆಗಳ ಮೇಲೆ ಬಿದ್ದವು.

ಕತ್ತರಿ ಎಲ್ಲೂ ಇರಲಿಲ್ಲ. ಸತ್ತವರೂ ಯಾರೂ ಇರಲಿಲ್ಲ. ಸತ್ತದ್ದು ಎರಡು ಹಲ್ಲು.

ಸಂಜೆಯೊಳಗೆ ದೊಡ್ಡಮ್ಮನನ್ನು ಡಾಕ್ಟರ ಮುಂದೆ ಕೂರಿಸಿದರು. ಡಾಕ್ಟರು ಮಿಲ್ಲಿನ ಧಣಿಗಳ ಜೊತೆ ದಿನಾ ಚಹಾ ಕುಡಿಯುವವರು. "ಯಾಕೆ ಹೊಡೆದೆ?" ಅಂತ ಕೇಳಿದರು. ದೊಡ್ಡಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಡಾಕ್ಟರು ತಲೆಯಾಡಿಸುತ್ತಾ ಬರೆದುಕೊಂಡರು: ಗಂಡಸರು ಮೈ ಮುಟ್ಟುತ್ತಾರೆ ಎಂಬ ಭ್ರಮೆ. ಹಿಂಸೆಯ ಸ್ವಭಾವ. ಒಳಗಿಡತಕ್ಕದ್ದು.

ಮನೆಯವರ ಒಪ್ಪಿಗೆ ಬೇಕಿತ್ತು. ತಾತನನ್ನು ಕರೆಸಿದರು. ಹೆಬ್ಬೆಟ್ಟು ಒತ್ತದಿದ್ದರೆ ದೊಡ್ಡವಳು ಜೈಲಿಗೆ, ಚಿಕ್ಕವಳು ಮನೆಗೆ ಅಂದರು. ತಾತ ಒತ್ತಿದ. ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮನೆಗೆ ಬಂದ. ಆಮೇಲೆ ಸಾಯುವ ತನಕ ಆ ಕೈಯಲ್ಲಿ ಊಟ ಮಾಡಲಿಲ್ಲ ಅಂತ ಅಮ್ಮ ಹೇಳುತ್ತಿದ್ದಳು.

ಅಮ್ಮ ಅವತ್ತು ಏನು ನೋಡಿದಳು? ಏನೂ ಇಲ್ಲ. "ನಾನು ಕೈ ತೊಳೆಯೋಕೆ ಆಚೆ ಹೋಗಿದ್ದೆ." ಯಾರು ಕೇಳಿದರೂ ಇದೇ ಮಾತು. ಮಿಲ್ಲು ಮುಚ್ಚುವ ತನಕ ಅದೇ ಮೇಸ್ತ್ರಿಯ ಕೈಕೆಳಗೆ ದಾರ ಸುತ್ತಿದಳು.

ಆಸ್ಪತ್ರೆಯಲ್ಲಿ ದೊಡ್ಡಮ್ಮನಿಗೆ ಒಗೆಯುವ ಕೆಲಸ ಕೊಟ್ಟರು. ಮುನ್ನೂರು ಜನರ ಹಾಸಿಗೆ ಬಟ್ಟೆ. ಉಚ್ಚೆಯದು, ಹೇಲಿನದು, ವಾಂತಿಯದು, ರಕ್ತದ್ದು. ಆಳುದ್ದದ ಹಂಡೆಯಲ್ಲಿ ಕುದಿಸಬೇಕು. ಕೋಲಿನಲ್ಲಿ ಎತ್ತಬೇಕು. ಒದ್ದೆ ಬೆಡ್‌ಶೀಟು ಹೆಣದ ಭಾರ ಇರುತ್ತದೆ. ಒಗೆಯುವ ಸೋಡಾದ ನೀರಿಗೆ ಉಗುರು ಕಿತ್ತು ಬರುತ್ತದೆ. ಒಂದು ಸಲ ಹಂಡೆ ವಾಲಿ ಕುದಿಯುವ ನೀರು ಕೆನ್ನೆಗೆ ಸಿಡಿಯಿತು. ಮಾರನೇ ದಿನವೂ ಹಂಡೆಯ ಮುಂದೆ ನಿಲ್ಲಿಸಿದರು. ಹುಚ್ಚರ ಕೈಗೆ ಚಮಚ ಕೊಡಬಾರದು ಅಂತ ಗೋಡೆಯ ಮೇಲೆ ಬರೆದಿತ್ತಂತೆ. ಕುದಿಯುವ ಹಂಡೆ ಕೊಡಬಾರದು ಅಂತ ಬರೆದಿರಲಿಲ್ಲ.

"ಕೆಲಸಾನೂ ಒಂದು ಚಿಕಿತ್ಸೆ ಅಂತಿದ್ರು," ದೊಡ್ಡಮ್ಮ ಹೇಳುತ್ತಿದ್ದಳು. "ಚೆನ್ನಾಗಿ ಒಗೆದ್ರೆ ಗುಣ ಆಗ್ತಾ ಇದೆ ಅಂತ ಬರೀತಿದ್ರು. ಗುಣ ಆಗ್ತಾ ಇದೆ ಅಂದ್ರೆ ಇನ್ನೂ ಆಗಿಲ್ಲ ಅಂತ. ಇರು. ಒಗೆಯಲ್ಲ ಅಂದ್ರೆ ಹುಚ್ಚು ಕೆರಳಿದೆ ಅಂತ ಬರೀತಿದ್ರು. ಆಗಲೂ ಇರು."

ಇಪ್ಪತ್ತೆರಡು ವರ್ಷ ಇದ್ದಳು. ಕೊನೆಗೆ ಒಂದು ದಿನ ಹೆಂಗಸರ ವಾರ್ಡಿನ ಚಾವಣಿ ಕುಸಿಯಿತು. ರಿಪೇರಿ ಮಾಡಿಸುವುದಕ್ಕಿಂತ ಮುಚ್ಚುವುದೇ ಸುಲಭ ಅಂತ ಮೇಲಿನವರು ತೀರ್ಮಾನಿಸಿದರು. ತಗೊಳ್ಳಿ, ಒಂದೇ ಬೆಳಿಗ್ಗೆ ಮುನ್ನೂರು ಜನಕ್ಕೆ ಹುಚ್ಚು ಬಿಟ್ಟುಹೋಯಿತು. ಒಬ್ಬೊಬ್ಬರ ಕೈಗೂ ಒಂದು ಚೀಲ ಕೊಟ್ಟು ಗೇಟು ತೆಗೆದರು. ಅಂಥ ಪವಾಡವನ್ನು ಯಾವ ದೇವರೂ ಮಾಡಿರಲಾರ.

ಆಗ ನನಗೆ ಹನ್ನೆರಡು ವರ್ಷ. ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿ ಭಿಕ್ಷೆಯವಳು ಅಂದುಕೊಂಡೆ. ಅಮ್ಮ ಹೊರಗೆ ಬಂದು ನೋಡಿದಳು. ಸ್ನಾನಕ್ಕೆ ನೀರು ಕಾಯಿಸಿದಳು. ದೊಡ್ಡಮ್ಮನ ಬೆನ್ನು ಉಜ್ಜುತ್ತಾ ಒಂದು ಗಂಟೆ ಕೂತಿದ್ದಳು. ಇಬ್ಬರೂ ಬಾಯಿ ಬಿಡಲಿಲ್ಲ. ಅವತ್ತು ಆಡದ ಮಾತನ್ನು ಆಮೇಲೂ ಆಡಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಹದಿನೆಂಟು ವರ್ಷ.

ಊರು ಅಷ್ಟರಲ್ಲಿ ತನ್ನ ಕೆಲಸ ಮಾಡಿತ್ತು. ಆಸ್ಪತ್ರೆಯಲ್ಲಿ ಯಾರ ಕೆನ್ನೆ ಸುಟ್ಟಿತ್ತು, ಯಾರು ಮಿಲ್ಲಿನವಳು, ಅದನ್ನೆಲ್ಲ ಕಲಸಿ ಒಂದು ದೆವ್ವ ಮಾಡಿತ್ತು. ಬದುಕಿರುವ ದೊಡ್ಡಮ್ಮ ಅದೇ ಬೀದಿಯಲ್ಲಿ ಬಟ್ಟೆಯ ಗಂಟು ಹೊತ್ತು ಓಡಾಡುತ್ತಿದ್ದಳು. ಯಾರಿಗೂ ಗುರುತು ಸಿಗಲಿಲ್ಲ. ಒಗೆಯುವವಳ ಗಂಟು ನೋಡುತ್ತಾರೆ. ಮುಖ ಯಾರು ನೋಡುತ್ತಾರೆ?

ಹೋದ ವರ್ಷ ಆ ಕಟ್ಟಡದ ಮುಂದೆ ಬಣ್ಣದ ಬೋರ್ಡು ಎದ್ದಿತು. ಬನ್ನಿ, ಕತ್ತರಿ ಅಕ್ಕನನ್ನು ಕಣ್ಣಾರೆ ನೋಡಿ. ಪ್ರತಿ ದಿನ ಮಧ್ಯಾಹ್ನ ಮೂರಕ್ಕೆ ಸರಿಯಾಗಿ.

ದೆವ್ವ ಮಧ್ಯಾಹ್ನ ಮೂರಕ್ಕೆ ಯಾಕೆ ಬರುತ್ತದೆ ಅಂದರೆ, ಕತ್ತಲಾದ ಮೇಲೆ ಪಾಳು ಕಟ್ಟಡಕ್ಕೆ ಜನರನ್ನು ಬಿಡಲು ನಗರಸಭೆ ಪರವಾನಗಿ ಕೊಟ್ಟಿರಲಿಲ್ಲ. ನಮ್ಮೂರಿನ ದೆವ್ವ ಕಾನೂನು ಮೀರುವಂಥದ್ದಲ್ಲ. ಭಾನುವಾರ ಎರಡು ಸಲ ಬರುತ್ತಿತ್ತು.

ದೆವ್ವದ ಬಟ್ಟೆ ಒಗೆಯುವ ಕೆಲಸ ನಮ್ಮ ಲಾಂಡ್ರಿಗೇ ಬಂತು. ವಾರಕ್ಕೊಮ್ಮೆ ಹತ್ತು ಹನ್ನೆರಡು ಬಿಳಿ ನಿಲುವಂಗಿ ಬಂದು ಬೀಳುತ್ತಿತ್ತು. ಎದೆಯಿಂದ ಕೆಳಗೆ ಪೂರ್ತಿ ಕೆಂಪು ಬಣ್ಣ. ಮ್ಯಾನೇಜರ್ ಅದನ್ನು ದೊಡ್ಡಮ್ಮನ ಮುಂದೇ ಸುರಿದರು. ಕಲೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ.

"ನಿಜವಾದ ರಕ್ತ ಆದ್ರೆ ತಣ್ಣೀರಿಗೆ ಉಪ್ಪು ಹಾಕಿ ನೆನೆಸಿದ್ರೆ ಬಿಡುತ್ತೆ," ದೊಡ್ಡಮ್ಮ ತಿಕ್ಕುತ್ತಾ ಗೊಣಗುತ್ತಿದ್ದಳು. "ಇದ್ಯಾವ ದರಿದ್ರದ ಬಣ್ಣನೋ. ನಾನು ಬದುಕಿದ್ದಾಗ ಇಷ್ಟು ತಿಕ್ಕಿರಲಿಲ್ಲ ಕಣೇ, ಸತ್ತ ಮೇಲೆ ತಿಕ್ಕೋ ಹಾಗಾಯ್ತು."

ತಿಕ್ಕಿ ತಿಕ್ಕಿ ಅವಳ ಬೆರಳ ಸಂದಿ ಬಿರಿಯಿತು. ಬೆಳ್ಳಗೆ ಮಾಡಿ ಕಳಿಸಿದರೆ ಅವರು ಮತ್ತೆ ಬಣ್ಣ ಬಳಿಯುತ್ತಿದ್ದರು. "ಹೇಗೂ ಬಳೀತಾರೆ, ಒಗೆಯೋದ್ಯಾಕೆ?" ಅಂತ ನಾನು ಮ್ಯಾನೇಜರನ್ನು ಕೇಳಿದೆ.

"ಹಳೇ ರಕ್ತದ ಮೇಲೆ ಹೊಸ ರಕ್ತ ಹಚ್ಚಿದ್ರೆ ಫೋಟೋದಲ್ಲಿ ಚೆನ್ನಾಗಿ ಬರಲ್ಲವಂತೆ," ಅಂದರು. ಅವರೇನೂ ತಮಾಷೆ ಮಾಡುತ್ತಿರಲಿಲ್ಲ.

ಒಂದು ಭಾನುವಾರ ಇಸ್ತ್ರಿ ಮಾಡಿದ ಗಂಟನ್ನು ಕೊಡಲು ನಾವಿಬ್ಬರೂ ಅಲ್ಲಿಗೆ ಹೋದೆವು. ಗೇಟಿನ ಒಳಗೆ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಹೂವಿನ ಹಾರ, ಮೆತ್ತನೆಯ ಕುರ್ಚಿ. ಮಾಲೀಕ ಅತ್ತಿಂದಿತ್ತ ಓಡಾಡುತ್ತಾ ಫೋನಿನಲ್ಲಿ ಕೂಗಾಡುತ್ತಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ಬಿಗಿ ಅಂಗಿ. ನೂರನೇ ಆಟ ಅಂತೆ. ಮುಖ್ಯ ಅತಿಥಿಯಾಗಿ ಅವನ ಅಪ್ಪ ಬರುವವರಂತೆ. ಊರೆಲ್ಲ ದೊಡ್ಡ ಯಜಮಾನರು ಅಂತ ಕರೆಯುವುದು ಅವರನ್ನೇ. ಕಾರಿನಲ್ಲೇ ಓಡಾಡುವವರು, ನಮ್ಮಂಥವರ ಕಣ್ಣಿಗೆ ಬಿದ್ದದ್ದಿಲ್ಲ. ಮುಚ್ಚಿದ ಮಿಲ್ಲಿನ ಯಂತ್ರಗಳನ್ನು ಗುಜರಿಗೆ ಹಾಕಿ ಮೇಲೆ ಬಂದವರು ಅಂತ ಕೇಳಿದ್ದೆ. ಇಂಥ ದಿನವೇ ದೆವ್ವದ ಹುಡುಗಿಗೆ ಜ್ವರ.

ಮಾಲೀಕನ ಕಣ್ಣು ದೊಡ್ಡಮ್ಮನ ಮೇಲೆ ಬಿತ್ತು. ಬೆಳ್ಳಗಿನ ಕೂದಲು, ಬತ್ತಿದ ಮೈ, ಕೆನ್ನೆಯ ಕಲೆ.

"ಅರೆ! ಮೇಕಪ್ಪೇ ಬೇಡವಲ್ಲ," ಅಂದ. "ಅಜ್ಜಿ, ಒಂದು ಹತ್ತು ನಿಮಿಷದ ಕೆಲಸ. ಮೇಲೆ ಕಿಟಕಿ ಹತ್ರ ನಿಂತು ಕೈ ಎತ್ತಿ ಜೋರಾಗಿ ಕಿರುಚಬೇಕು. ಕಿರುಚೋಕೆ ಬರುತ್ತಾ?"

"ಬರುತ್ತೆ," ಅಂದಳು ದೊಡ್ಡಮ್ಮ. "ಯಾವ ಮಹಡಿ?"

"ಎರಡನೇದು."

ನಾನು ಅವಳ ತೋಳು ಹಿಡಿದು ಜಗ್ಗಿದೆ. "ಬೇಡ ದೊಡ್ಡಮ್ಮ. ನಡಿ ಹೋಗೋಣ."

"ಸುಮ್ನಿರೇ. ಇಪ್ಪತ್ತೆರಡು ವರ್ಷ ಇದ್ದೆ, ಮೇಲೆ ಹತ್ತೋಕೆ ಬಿಟ್ಟಿಲ್ಲ. ಅಲ್ಲಿ ಡಾಕ್ಟರುಗಳು ಊಟ ಮಾಡೋ ಜಾಗ. ನಾನು ಹೇಗೆ ಸತ್ತೆ ಅಂತಾದ್ರೂ ನೋಡಿ ಬರ್ತೀನಿ."

ಮೇಲೆ ಹೋದೆವು. ದೊಡ್ಡ ಕೋಣೆ. ಗೋಡೆಯ ಸುಣ್ಣ ಉದುರಿತ್ತು. ಗಾಳಿ ಬೆಳಕು ಧಾರಾಳವಾಗಿ ಬರುವ ಅಗಲವಾದ ಕಿಟಕಿಗಳು. ಹಗ್ಗ ಕಟ್ಟಲು ಒಂದು ಸರಳು ಕೂಡ ಇರಲಿಲ್ಲ. "ಇಲ್ಲಿ ನೇಣು ಹಾಕ್ಕೋಬೇಕಾದ್ರೆ ಗಾಳೀಗೆ ಹಾಕ್ಕೋಬೇಕು," ಅಂದಳು ದೊಡ್ಡಮ್ಮ. ತಾನೇ ಒಗೆದ ನಿಲುವಂಗಿಯನ್ನು ತನ್ನ ಬಟ್ಟೆಯ ಮೇಲೇ ಹಾಕಿಕೊಂಡಳು. ನಾನು ಅವಳ ಬೆನ್ನಿನ ಗುಂಡಿ ಹಾಕಿದೆ.

ಕೆಳಗೆ ಗೈಡ್ ಮೈಕಿನಲ್ಲಿ ಕತೆ ಹೇಳತೊಡಗಿದ. ಒಳ್ಳೇ ಗಂಟಲು. ಗಂಡನನ್ನು ಕೊಂದಾಗ ಒಂದು ದನಿ, ಮಕ್ಕಳನ್ನು ಕೊಂದಾಗ ಇನ್ನೊಂದು ದನಿ. ಮೂರನೇ ಮಗುವಿಗೆ ಹೋದ ತಿಂಗಳಿಂದ ಹೆಸರನ್ನೂ ಇಟ್ಟಿದ್ದರು. ಜನ ಲೊಚಗುಟ್ಟಿದರು. ಆಗ ಬಿಳಿ ಕಾರು ಬಂದು ನಿಂತಿತು. ಎಲ್ಲರೂ ಎದ್ದು ನಿಂತರು. ಕೋಲೂರಿಕೊಂಡು ಒಬ್ಬ ಮುದುಕ ಇಳಿದ. ಹಾರ ಹಾಕಿಸಿಕೊಂಡ. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, ಆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಆಮೇಲೆ ಕೂತ.

ದೊಡ್ಡಮ್ಮ ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಮೇಸ್ತ್ರಿ," ಅಂದಳು.

"ಯಾರು?"

"ಅವನೇ. ಕುರ್ಚಿ ಒರೆಸೋದು ನೋಡು, ಮಿಲ್ಲಲ್ಲೂ ಹೀಗೇ ಒರೆಸಿ ಕೂರ್ತಿದ್ದ."

ಗೈಡ್ ಕೂಗಿದ: "ಅಗೋ ನೋಡಿ! ಕಿಟಕಿ ನೋಡಿ! ಕತ್ತರಿ ಅಕ್ಕ!"

ಜನ ಕಿರುಚಿದರು. ಫೋನುಗಳು ಮೇಲೆದ್ದವು. ದೊಡ್ಡಮ್ಮ ಕೈ ಎತ್ತಲಿಲ್ಲ. ಕಿರುಚಲೂ ಇಲ್ಲ. ಬಾವಿಕಟ್ಟೆಯಲ್ಲಿ ಪಕ್ಕದವಳ ಜೊತೆ ಜಗಳ ಆಡುವ ದನಿಯಲ್ಲಿ ಶುರು ಮಾಡಿದಳು.

"ಏನ್ರೋ ನೋಡ್ತೀರಾ? ನಾನು ಸತ್ತಿಲ್ಲ. ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಯಾರನ್ನೂ ಕೊಂದಿಲ್ಲ. ಒಬ್ಬನ ಎರಡು ಹಲ್ಲು ಉದುರಿಸಿದೆ. ಮೈ ಮುಟ್ಟಿದ, ಅದಕ್ಕೆ. ಅಷ್ಟಕ್ಕೆ ಇಪ್ಪತ್ತೆರಡು ವರ್ಷ ಇಲ್ಲಿ ಹೇಲು ಬಟ್ಟೆ ಒಗೆಸಿದ್ರು. ನಿಮ್ಮ ಕತೆಯಲ್ಲಿ ನಾನಿದ್ದೀನಿ, ಕತ್ತರಿ ಇದೆ, ಅವನೆಲ್ಲಿ? ಅವನನ್ನ ಯಾಕ್ರೋ ಬಿಟ್ರಿ? ಇಗೋ, ಮುಂದಿನ ಸಾಲಲ್ಲಿ ಹಾರ ಹಾಕ್ಕೊಂಡು ಕೂತಿದ್ದಾನೆ!"

ಆಮೇಲೆ ಚಪ್ಪಾಳೆ ಬಿತ್ತು. ಎಂಥಾ ಚಪ್ಪಾಳೆ! ಸೀಟಿ ಹೊಡೆದರು. "ಸೂಪರ್ ಆಕ್ಟಿಂಗ್" ಅಂತ ಒಬ್ಬ ಕೂಗಿದ. ಮಾಲೀಕ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಮುಂದಿನ ಸಾಲಿನ ಮುದುಕ ಕೂಡ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಚಪ್ಪಾಳೆ ತಟ್ಟಿದ.

ಅದನ್ನು ನೋಡಿ ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ಅಷ್ಟು ಹೊತ್ತೂ ಅವಳಿಗೆ ಸಿಟ್ಟು ಬಂದಿರಲಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಈಗ ಬಂತು.

ದಡದಡ ಮೆಟ್ಟಿಲು ಇಳಿದಳು. ನಾನು ಹಿಂದೆ ಓಡಿದೆ. ಜನ ನಗುನಗುತ್ತಾ ದಾರಿ ಬಿಟ್ಟರು. ಒಬ್ಬಳು ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಳ್ಳಲು ನೋಡಿದಳು. ದೊಡ್ಡಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಸೀದಾ ಮುದುಕನ ಮುಂದೆ ಹೋಗಿ ನಿಂತಳು. ಒಂದು ಮೊಳದ ಅಂತರ. ಹತ್ತಿರದಿಂದ ಕೆನ್ನೆ, ಕಣ್ಣು, ಮೂಗು ಎಲ್ಲ ಕಂಡಿರಬೇಕು.

ಅವನ ಬಲಗೈ ತಾನಾಗಿ ಮೇಲೆದ್ದಿತು. ಬಾಯಿಯನ್ನು ಮುಚ್ಚಿಕೊಂಡಿತು.

"ಕೈ ತೆಗಿ," ಅಂದಳು ದೊಡ್ಡಮ್ಮ. "ಬಾಯಿ ತೆಗಿ. ಮುಂದಿನ ಎರಡು ಹಲ್ಲು ತೋರಿಸು ಇವರಿಗೆ."

"ನನಗೆ... ನನಗೇನೂ ನೆನಪಿಲ್ಲಮ್ಮ," ಕೈಯ ಹಿಂದಿನಿಂದ ದನಿ ಬಂತು.

"ನೆನಪಿಲ್ಲದೆ ಕೈ ಯಾಕೋ ಬಾಯಿಗೆ ಹೋಯ್ತು?"

ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೈಡಿನ ಮೈಕು ಕುಂಯ್ ಅಂದಿತು. ಫೋನುಗಳು ಮಾತ್ರ ಹಾಗೇ ಮೇಲಿದ್ದವು. ಮಾಲೀಕ ಓಡಿ ಬಂದು ದೊಡ್ಡಮ್ಮನ ರಟ್ಟೆ ಹಿಡಿದ.

"ಯಾರು ಈ ಹುಚ್ಚೀನ ಒಳಗೆ ಬಿಟ್ಟಿದ್ದು? ಆಚೆ ಹಾಕ್ರೋ!"

"ನೀನೇ ಕಣಪ್ಪ ಬಿಟ್ಟಿದ್ದು," ಅಂದಳು ದೊಡ್ಡಮ್ಮ. "ಮೇಕಪ್ಪೂ ಬೇಡ ಅಂದೆ."

ಯಾರೋ ಕಿಸಕ್ಕನೆ ನಕ್ಕರು. ನಾನು ಮಾಲೀಕನ ಕೈ ಬಿಡಿಸಿ ದೊಡ್ಡಮ್ಮನನ್ನು ಎಳೆದುಕೊಂಡು ಬಂದೆ. ನಿಲುವಂಗಿಯನ್ನು ಅವಳು ಗೇಟಿನ ಹತ್ತಿರ ಬಿಚ್ಚಿ ಅಲ್ಲೇ ಬಿಸಾಡಿದಳು.

ಮಾರನೇ ದಿನ ಬೆಳಿಗ್ಗೆ ಲಾಂಡ್ರಿಯ ಮ್ಯಾನೇಜರ್ ನಮ್ಮ ಮನೆಗೇ ಬಂದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಚಪ್ಪಲಿ ಬಿಡದೆ ಒಳಗೆ ಬಂದು, ಕೂರದೆ, ಒಂದು ಹಾಳೆ ತೆಗೆದರು. ಬರೆದೇ ತಂದಿದ್ದರು. ನಮ್ಮ ಮನೆಯ ಹಿರಿಯಳಿಗೆ ಮೊದಲಿನಿಂದಲೂ ಬುದ್ಧಿ ಸ್ತಿಮಿತವಿಲ್ಲ, ಭಾನುವಾರ ಆಕೆ ಆಡಿದ್ದು ಬುದ್ಧಿ ಇಲ್ಲದೆ ಆಡಿದ ಮಾತು. ಕೆಳಗೆ ಸಹಿಗೆ ಜಾಗ.

"ಸುಮ್ನೆ ಒಂದು ಸಹಿ," ಅಂದರು ನನಗೆ. "ವಿಡಿಯೋ ಎಲ್ಲ ಕಡೆ ಓಡಾಡ್ತಿದೆ. ಯಜಮಾನರ ಮರ್ಯಾದೆ ಪ್ರಶ್ನೆ. ಇದಕ್ಕೆ ರಕ್ತಸಂಬಂಧಿ ಸಹಿ ಹಾಕಿದ್ರೆ ಅವರು ಕಂಪ್ಲೇಂಟ್ ಕೊಡಲ್ಲ. ನಿಮ್ಮಿಬ್ಬರ ಕೆಲಸಾನೂ ಉಳಿಯುತ್ತೆ. ಇಲ್ಲಾಂದ್ರೆ ನನ್ನ ಕೈಲಿ ಏನಿಲ್ಲ."

ಸುಳ್ಳು ಹೇಳುವುದಿಲ್ಲ. ಪೆನ್ನು ಕೈಗೆ ತೆಗೆದುಕೊಂಡೆ. ಇಬ್ಬರ ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ದೊಡ್ಡಮ್ಮ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಬೇಡ ಅನ್ನಲಿಲ್ಲ. ಹಾಕು ಅನ್ನಲೂ ಇಲ್ಲ. ತಾತನ ಎದುರಿಗೂ ಹೀಗೇ ಕೂತಿದ್ದಳೇನೋ.

"ಇಲ್ಲಿ ಕೊಡು," ಅಂದಳು ಅಮ್ಮ.

ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. ಹಾಳೆಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ಓದಿದಳು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದು ಅಕ್ಷರಕ್ಕೂ ತುಟಿ ಅಲ್ಲಾಡುತ್ತಿತ್ತು. ಮ್ಯಾನೇಜರ್ ಗಡಿಯಾರ ನೋಡಿಕೊಂಡರು.

"ನೀವು ತಂಗಿ ಅಲ್ವಾ? ನೀವು ಹಾಕಿದ್ರೆ ಇನ್ನೂ ಒಳ್ಳೇದು."

"ನಾನು ನೋಡಿದೆ," ಅಂದಳು ಅಮ್ಮ.

"ಏನು?"

"ನಾನು ಕೈ ತೊಳೆಯೋಕೆ ಹೋಗಿರಲಿಲ್ಲ. ಪಕ್ಕದಲ್ಲೇ ಕೂತಿದ್ದೆ. ಅವನ ಕೈ ಎಲ್ಲಿ ಹೋಯ್ತು ಅಂತ ನೋಡಿದೆ. ಅಕ್ಕ ತಿರುಗಿ ಹೊಡೆದಿದ್ದು ನೋಡಿದೆ. ಇವಳನ್ನ ಎಳ್ಕೊಂಡು ಹೋಗುವಾಗ ಇವಳು ನನ್ನ ಕಡೆ ನೋಡಿದಳು. ನಾನು ದಾರ ನೋಡ್ತಾ ಕೂತೆ." ಅಮ್ಮನ ದನಿ ಒಂದೇ ಸಮ ಇತ್ತು, ಬೇರೆ ಯಾರದೋ ವಿಷಯ ಹೇಳಿದ ಹಾಗೆ. "ಅದಕ್ಕೆ ಮುಂಚೆ ಒಂದು ತಿಂಗಳು ಅವನು ನನ್ನ ಹಿಂದೇನೂ ಬಂದು ನಿಲ್ತಿದ್ದ. ನಾನು ಹೊಡೀಲಿಲ್ಲ. ಅದಕ್ಕೇ ನನಗೆ ಹುಚ್ಚಿಲ್ಲ."

ಹಾಳೆಯನ್ನು ಎರಡಾಗಿ ಹರಿಯಲಿಲ್ಲ, ಏನಿಲ್ಲ. ಮಡಿಸಿ ಮ್ಯಾನೇಜರ ಅಂಗಿಯ ಜೇಬಿಗೆ ತುರುಕಿದಳು. ಹದಿನೇಳನೇ ವಯಸ್ಸಿನಿಂದ ಯಾವ ಗಂಡಸಿನ ಎದುರಿಗೂ ತಲೆ ಎತ್ತದ ನನ್ನ ಅಮ್ಮ.

"ಹೋಗಿ ಹೇಳಿ. ತಂಗಿ ಸಹಿ ಹಾಕಲ್ಲವಂತೆ. ಮಗಳೂ ಹಾಕಲ್ಲವಂತೆ."

ನಾನು ಪೆನ್ನನ್ನು ಅವರಿಗೆ ವಾಪಸ್ ಕೊಟ್ಟೆ. ಅವರು ಹೋದರು.

ನಾನು ದೊಡ್ಡಮ್ಮನ ಮುಖ ನೋಡಿದೆ. ಅಳುತ್ತಾಳೆ, ತಂಗಿಯನ್ನು ತಬ್ಬಿಕೊಳ್ಳುತ್ತಾಳೆ, ಇಲ್ಲವೇ ಜುಟ್ಟು ಹಿಡಿದು ಎಳೆಯುತ್ತಾಳೆ ಅಂದುಕೊಂಡೆ. ಅವಳು ಯಾವುದನ್ನೂ ಮಾಡಲಿಲ್ಲ. ಎದ್ದು ಒಲೆಯ ಮೇಲೆ ಸೀಯುತ್ತಿದ್ದ ಪಾತ್ರೆ ಇಳಿಸಿದಳು.

"ಬಟ್ಟೆ ಬದಲಾಯಿಸು ಪುಟ್ಟಿ," ಅಂದಳು ಅಮ್ಮನಿಗೆ. "ಸ್ಟೇಷನ್ನಿಗೆ ಹೋಗೋಣ."

ಆಮೇಲೆ ಏನಾಯಿತು ಅಂತ ಈಗಲೇ ಹೇಳಿಬಿಡುತ್ತೇನೆ. ಅದರಲ್ಲಿ ದೊಡ್ಡ ಗೆಲುವೇನೂ ಇಲ್ಲ. ನಮ್ಮಿಬ್ಬರ ಕೆಲಸ ಹೋಯಿತು. ಈಗ ಮನೆಯಲ್ಲೇ ಬಟ್ಟೆ ಒಗೆದು ಕೊಡುತ್ತೇವೆ. ಲಾಂಡ್ರಿಯಿಂದ ಇಸ್ತ್ರಿಯವಳೂ ಬಿಟ್ಟು ಬಂದಳು. ದೆವ್ವದ ಕೈಕೆಳಗೆ ಕೆಲಸ ಮಾಡುತ್ತೇನೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಆಟ ಒಂದು ವಾರ ನಿಂತು ಮತ್ತೆ ಶುರುವಾಯಿತು. ಈಗಿನ ದೆವ್ವ ಗಂಡಸು. ಯಾರದೋ ಮೇಲೆ ಮತ್ತೊಂದು ಕತೆ ಹೊಲಿದಿದ್ದಾರೆ. ಆದರೆ ಮುದುಕ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟಿದ್ದಾನೆ. ಬಂದರೆ ಬೀದಿಯ ಹೆಂಗಸರು, ಹುಡುಗಿಯರು ಸಾಲಾಗಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಅವನಿಂದ ಕಷ್ಟಪಟ್ಟವರು ಎಷ್ಟು ಜನ ಅಂತ ನನಗೆ ಗೊತ್ತಿಲ್ಲ. ಹಾಗೆ ಸಾಲಲ್ಲಿ ನಿಲ್ಲುವವರಲ್ಲಿ ಅರವತ್ತು ದಾಟಿದವರೂ ಇದ್ದಾರೆ.

ಅವತ್ತು ಸ್ಟೇಷನ್ನಿನಲ್ಲಿ ನಮ್ಮನ್ನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾಯಿಸಿದರು. ಕೊನೆಗೆ ಅಧಿಕಾರಿ ಕರೆದ. ಅವನ ಮೇಜಿನ ಮುಂದೆ ಒಂದೇ ಕುರ್ಚಿ ಇತ್ತು. ನಾವು ಮೂವರೂ ನಿಂತೆವು.

"ಯಾವತ್ತು ನಡೆದದ್ದು?"

"ನಲವತ್ತು ವರ್ಷದ ಹಿಂದೆ," ಅಂದಳು ದೊಡ್ಡಮ್ಮ.

ಅವನು ಪೆನ್ನು ಕೆಳಗಿಟ್ಟ. ಪಕ್ಕದವನ ಮುಖ ನೋಡಿದ. ಇಬ್ಬರೂ ನಕ್ಕರು.

"ನಲವತ್ತು ವರ್ಷ! ಇಲ್ಲೀವರೆಗೂ ಏನಮ್ಮ ಮಾಡ್ತಿದ್ದೆ?"

"ಇಪ್ಪತ್ತೆರಡು ವರ್ಷ ನಿಮ್ಮ ಸರ್ಕಾರದ ಬೆಡ್‌ಶೀಟ್ ಒಗೀತಿದ್ದೆ," ಅಂದಳು ದೊಡ್ಡಮ್ಮ. ಆಮೇಲೆ ಅಮ್ಮನ ಕಡೆ ತಿರುಗದೆಯೇ ಅವಳತ್ತ ಬೆರಳು ತೋರಿಸಿದಳು. "ಆಮೇಲಿನ ಹದಿನೆಂಟು ವರ್ಷ ಇವಳು ಬಾಯಿ ಬಿಡಲಿ ಅಂತ ಕಾಯ್ತಿದ್ದೆ."

ಅಮ್ಮ ತುಟಿ ಕಚ್ಚಿಕೊಂಡಳು. ಅಷ್ಟು ವರ್ಷ ಅ‍ಕ್ಕನಿಗೆ ತನ್ನ ಸುಳ್ಳು ಗೊತ್ತಿಲ್ಲ ಅಂದುಕೊಂಡೇ ಊಟ ಬಡಿಸಿದ್ದಳು. ನಾನು ಅವಳ ತೋಳು ಹಿಡಿಯಲು ಹೋದೆ. ಅವಳು ನನ್ನ ಕೈ ಸರಿಸಿದಳು. ಯಾರೂ ಕೂರು ಅನ್ನದಿದ್ದರೂ ಮುಂದಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು. ಎರಡೂ ಮೊಣಕೈಯನ್ನು ಮೇಜಿನ ಮೇಲಿಟ್ಟಳು.

"ಪೆನ್ನು ತಗೊಳ್ಳಿ," ಅಂದಳು. "ಬರ್ಕೊಳ್ಳಿ."